ಎಮ್ಮೆಯ ಮುಂದಿನ ಗಾಳಿಯಂತ್ರ

ವಿಜ್ಞಾನದ ಮಾಸ್ತರನಾದವನು ಸಾಲೆಯಲ್ಲಿ ಹೇಳಿದ್ದನ್ನು ಸಾಲೆಯಲ್ಲೇ ಬಿಟ್ಟು ಬರಬೇಕು. ಮನೆಗೆ ತಂದರೆ ಏನಾಗುತ್ತದೆ ಎಂದು ಕೇಳುವವರು ಸಿರಸಂಗಿಗೆ ಬಂದು ನನ್ನ ಬಲಭುಜ ನೋಡಬಹುದು. ಸವದತ್ತಿ ಕಡೆಯ ಗುಡ್ಡಗಳ ಮೇಲೆ ದೊಡ್ಡ ಗಾಳಿಯಂತ್ರಗಳು ಎದ್ದು ನಿಂತ ಕಾಲ ಅದು. ಬಸ್ಸಿನ ಕಿಡಕಿಯಿಂದ ಅವನ್ನು ನೋಡಿ ನೋಡಿ ನನ್ನ ತಲೆಯೂ ತಿರುಗತೊಡಗಿತು. ಮನೆಯಲ್ಲಿ ಆಗಲೇ ಸಗಣಿ ಗ್ಯಾಸಿನ ಗುಂಡಿ ಇತ್ತು, ಮಾಳಿಗೆಯ ಮೇಲೆ ಎರಡು ಬಲ್ಬು ಉರಿಸುವ ಸೋಲಾರ್ ಹಲಗೆ ಇತ್ತು. ಇವಕ್ಕೆ ಗಾಳಿಯೂ ಕೂಡಿದರೆ ಕರೆಂಟಿನ ಹಂಗೇ ಇಲ್ಲ, ಮೊದಲು ನಮ್ಮ ಮನೆ, ಆಮೇಲೆ ಇಡೀ ಓಣಿ ಎಂದು ಕಟ್ಟೆಯ ಮೇಲೆ ಕೂತು ಭಾಷಣ ಬಿಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಓಣಿಯವರು ಕಂಡಕಂಡಲ್ಲಿ, "ನಮ್ಮದ ಯಾವಾಗ್ರಿ ಮಾಸ್ತರ?" ಎಂದು ಕೇಳತೊಡಗಿದರು.

ಸವದತ್ತಿಯ ವೆಲ್ಡರ್ ರಾಜೇಸಾಬ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ರೆಕ್ಕೆ ಮಾಡಿಕೊಟ್ಟ. "ವಿಮಾನದ್ದs ಆಗೇತ್ರಿ ಸರ! ಜರಾ ಜೋರ್ ಹವಾ ಬಂದ್ರ ನಿಮ್ಮ ಮನೀನ ಎತಗೊಂಡ ಹೊಕ್ಕೇತಿ" ಎಂದು ಹೆದರಿಸಿಯೂ ಹೋದ. ಅದನ್ನು ಕೂರಿಸುವ ಎರಡಾಳೆತ್ತರದ ಕಬ್ಬಿಣದ ಕಂಬ ನೆಡಲು ಹಿತ್ತಲಲ್ಲಿ ಉಳಿದಿದ್ದ ಜಾಗ ಒಂದೇ, ನಮ್ಮ ಎಮ್ಮೆ ಕರೆವ್ವನ ಎದುರಿಗೆ.

ಹೆಂಡತಿ ಶಾಂತವ್ವನಿಗೆ ಈ ಮೂರರಲ್ಲಿ ಪ್ರೀತಿ ಇದ್ದದ್ದು ಗ್ಯಾಸಿನ ಮೇಲೆ ಮಾತ್ರ. ಒಲೆಯ ಹೊಗೆಗೆ ಅವಳ ಕಣ್ಣು ವರ್ಷಗಟ್ಟಲೆ ಉರಿದಿದ್ದವು. ಗ್ಯಾಸು ಬಂದ ಮೇಲೆ ಕಣ್ಣೀರಿಲ್ಲದೆ ರೊಟ್ಟಿ ಬಡಿಯುವ ಅವಳನ್ನು ನೋಡಿ ನನಗೆ ನಿಜವಾಗಿಯೂ ಹಿಗ್ಗಾಗಿತ್ತು. ಸೋಲಾರ್ ಹಲಗೆಯ ಮೇಲೆ ಆಕೆ ಕುರಡಿಗೆ ಸಂಡಿಗೆ ಒಣಹಾಕುತ್ತಿದ್ದಳು. "ಬಿಸಲು ಬಲ್ಬಿಗೆ ಬೇಕು" ಎಂದರೆ, "ಕುರಡಿಗಿಗೂ ಬೇಕ್ರಿ. ಬಲ್ಬ್ ಕರದು ತಿನ್ನಾಕ ಬರತೇತೇನು?" ಎನ್ನುವಳು.

ಮೊದಲ ಕೆಲವು ದಿನ ಕರೆವ್ವ ತಿರುಗುವ ರೆಕ್ಕೆಗೆ ಹೆದರಿ ಮೇವಿನ ಕಣಿಕೆ ಮುಟ್ಟಲಿಲ್ಲ. ಆಮೇಲೆ ಏನನ್ನಿಸಿತೋ, ಅದನ್ನೇ ನೋಡುತ್ತ ಆರಾಮಾಗಿ ಮೇಯತೊಡಗಿದಳು. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಗಾಳಿ ಬಿದ್ದುಹೋಯಿತು. ರೆಕ್ಕೆ ನಿಂತಿತು, ಕರೆವ್ವನ ಬಾಯಿಯೂ ನಿಂತಿತು. ಹತ್ತಿಕಾಳು ಇಟ್ಟೆ, ಹಿಂಡಿ ಕಲಸಿದೆ, ಮೈ ಸವರಿದೆ. ಆಕೆ ಮೂತಿ ಎತ್ತಿ ರೆಕ್ಕೆಯನ್ನೇ ನೋಡುತ್ತ ನಿಂತಳು. ಮೇವಿಲ್ಲದೆ ಸಗಣಿಯಿಲ್ಲ, ಸಗಣಿಯಿಲ್ಲದೆ ಗ್ಯಾಸಿಲ್ಲ. ಸೋಲಾರ್ ಹಲಗೆಯಂತೂ ಕುರಡಿಗೆಯ ಕೆಳಗೆ ಮುಚ್ಚಿಹೋಗಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಎಂದು ಸಾರಿದ್ದ ನನ್ನ ಮನೆಯಲ್ಲಿ ಒಂದರ ಹಿಂದೆ ಒಂದು ಎಲ್ಲವೂ ಕೈಕೊಟ್ಟವು.

ಗ್ಯಾಸಿನ ಒಲೆಯ ಉರಿ ಸಣ್ಣಗಾದ ದಿನ ಶಾಂತವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. "ಬರೂ ಐತವಾರ ನಮ್ಮಣ್ಣ ಬರತಾನ. ಅವತ್ತ ಹೋಳಿಗಿ ಗ್ಯಾಸಿನ ಮ್ಯಾಲ ಆದ್ರ ಛಲೋ. ಇಲ್ಲಾಂದ್ರ ಕಂಬಾ, ರೆಕ್ಕಿ ಎಲ್ಲಾ ಅವನ ಟೆಂಪೋಕ್ಕ ಹೇರಸ್ತೇನಿ."

ಅವಳ ಅಣ್ಣ ಬಸಪ್ಪನದು ಬೈಲಹೊಂಗಲದಲ್ಲಿ ಗುಜರಿ ವ್ಯಾಪಾರ. ಯಾರ ಮನೆಗೆ ಹೋದರೂ ಕಬ್ಬಿಣ ಕಂಡರೆ ಬೆರಳಿನಿಂದ ಟಣ್ ಎನ್ನಿಸಿ ನೋಡುವ ಚಟ. ತಂಗಿಯ ಮದುವೆಗೆ ತಾನೇ ಕೊಟ್ಟ ತಿಜೋರಿಯನ್ನೂ ಬಂದಾಗಲೆಲ್ಲ ಬಡಿದು ನೋಡುತ್ತಾನೆ. ನನ್ನ ಕಂಬ ಅವನ ಟೆಂಪೋದಲ್ಲಿ ಮಲಗಿ ಓಣಿಯ ಮುಂದೆ ಮೆರವಣಿಗೆ ಹೋಗುವುದನ್ನು ನೆನೆದು ನಾನು ರಾತ್ರಿಯೇ ಎದ್ದು ಹೋಗಿ ಕಂಬದ ಬುಡ ಅಲುಗಾಡಿಸಿ ನೋಡಿ ಬಂದೆ.

ಮರುದಿನ ಸಿಟ್ಟಿನಿಂದ ಹುಣಸೆಕಾಯಿ ಉದುರಿಸುವ ಉದ್ದ ದೋಟಿ ತೆಗೆದುಕೊಂಡು ರೆಕ್ಕೆಗೊಂದು ತಿವಿದೆ. ಅದು ಗಿರ್ರೆಂದು ತಿರುಗಿತು. ಕರೆವ್ವ ಕಣಿಕೆಗೆ ಬಾಯಿ ಹಾಕಿದಳು! ಕೈ ನಿಲ್ಲಿಸಿದೆ, ಆಕೆಯೂ ನಿಲ್ಲಿಸಿದಳು. ಅಂದಿನಿಂದ ಸಾಲೆಗೆ ಹೋಗುವ ಮೊದಲು, ಬಂದ ಮೇಲೆ, ಆಕೆಯ ಊಟ ಮುಗಿಯುವವರೆಗೆ ದೋಟಿ ಹಿಡಿದು ತಿರುವುವುದೇ ನನ್ನ ಕಾಯಕವಾಯಿತು. ಗೋಡೆಯಾಚೆಯಿಂದ ಓಣಿಯವರು ಇಣುಕಿದರೆ, "ಪ್ರಯೋಗ ನಡದೈತಿ" ಎನ್ನುತ್ತಿದ್ದೆ.

ಐತವಾರ ಬಸಪ್ಪ ಹಿತ್ತಲಿಗೇ ನೇರವಾಗಿ ಬಂದ. ನಾನು ಬೆವರು ಸುರಿಸುತ್ತ ತಿರುವುತ್ತಿದ್ದೆ, ಕರೆವ್ವ ಗತ್ತಿನಿಂದ ಮೇಯುತ್ತಿದ್ದಳು. ಬಸಪ್ಪ ಕಂಬವನ್ನು ಟಣ್ ಎನ್ನಿಸಿ ನೋಡಿದ. ನನ್ನ ಎದೆಯೂ ಟಣ್ ಎಂದಿತು. ಆಗಲೇ ಅಡುಗೆಮನೆಯಿಂದ ಹೋಳಿಗೆಯ ಘಮ ಬಂತು. ಹಿಂದೆಯೇ ಶಾಂತವ್ವ ಬಂದಳು, ಕಣ್ಣಲ್ಲಿ ಒಂದು ಹನಿ ನೀರಿಲ್ಲ.

"ಮಾಲು ಛಲೋ ಐತಿ ಬಿಡವಾ" ಎಂದ ಬಸಪ್ಪ. "ಖರೆ ನಾ ಒಯ್ಯಂಗಿಲ್ಲ. ಇದನ್ನ ಒಯ್ದ್ರ ಜೋಡೀಲೆ ಮಾಸ್ತರನ್ನೂ ಒಯ್ಯಬೇಕಾಕ್ಕೇತಿ. ಇವರ ತೂಕಕ್ಕ ಏನ್ ಬರತೇತಿ?"

ಕಂಬ ಉಳಿಯಿತು. ಓಣಿಯವರೂ ಒಪ್ಪಿದ್ದಾರೆ, "ನಮ್ಮ ಮನಿಗೂ ಕೂಡಸ್ರಿ ಮಾಸ್ತರ, ತಿರವಾಕ ದಿನಾ ನೀವs ಬಂದ್ರಾತು" ಎನ್ನುತ್ತಾರೆ. ನೋಡಲು ಬಂದವರಿಗೆ ಶಾಂತವ್ವ ತಾನೇ ಮುಂದಾಗಿ, "ಬಿಸಲೈತಿ, ಗಾಳಿ ಐತಿ, ಸಗಣಿ ಐತಿ. ಮೂರೂ ಕೈಕೊಟ್ರ ನಮ್ಮ ಮನಿಯವರು ಅದಾರ" ಎಂದು ವಿವರಿಸುತ್ತಾಳೆ. ಸಾಲೆಯಲ್ಲಿ ನಾನು ಎಂದೂ ಬರಿದಾಗದ ಶಕ್ತಿಯ ಪಾಠವನ್ನು ಈಗಲೂ ಮಾಡುತ್ತೇನೆ, ಆದರೆ ಬೋರ್ಡಿನ ಮೇಲೆ ಬರೆಯುವುದು ಎಡಗೈಯಿಂದ.