ಮನೆಶಾಲೆಗೆ ಒಂದು ಕಾಪಿ ಜಾಸ್ತಿ

ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನಮ್ಮ ಮನೆಯ ವಿದ್ಯಾಭ್ಯಾಸದ ವ್ಯವಸ್ಥೆ ಕೆಟ್ಟಿತು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ಆ ಹೊತ್ತಿನಲ್ಲಿ ನಾನು ಸ್ಕೂಟರಿನ ಮೇಲೆ ಕೂತು ಕೈಗಡಿಯಾರ ನೋಡುತ್ತಿದ್ದೆ. ಬಾಳಗಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎಂಟೂವರೆಗೆ ಬಾಗಿಲು ತೆಗೆಯದಿದ್ದರೆ ಪಹಣಿ ಹಿಡಿದವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ನನ್ನ ಮುಂದೆ ಶಾಲೆಯ ವ್ಯಾನು; ಅದರ ಹಿಂದಿನ ಕಿಟಕಿಯಲ್ಲಿ ನನ್ನ ಒಂಬತ್ತು ವರ್ಷದ ಮಗಳು ಮೈತ್ರಿಯ ಎರಡು ಜಡೆ. ಕೊಪ್ಪ ಇನ್ನು ಮೂರು ಕಿಲೋಮೀಟರ್ ಇದೆ ಎನ್ನುವಾಗ ಬರುವ ತಿರುವಿನಲ್ಲಿ ವ್ಯಾನಿನ ಹಿಂದಿನ ಎಡಚಕ್ರ ಟಾರು ಬಿಟ್ಟು ಮಣ್ಣಿಗಿಳಿಯಿತು. ಮಣ್ಣು ಕುಸಿಯಿತು. ವ್ಯಾನು ನಿಧಾನವಾಗಿ, ಯಾರೋ ಮೈಮುರಿದ ಹಾಗೆ, ಹಳ್ಳದ ಕಡೆಗೆ ವಾಲಿ ಒಂದು ಮರಕ್ಕೆ ಒರಗಿ ನಿಂತಿತು. ಹದಿನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಗೀರುಗಾಯವಿಲ್ಲ. ಒಂದು ನೀರಿನ ಬಾಟಲಿ ಮಾತ್ರ ಕಿಟಕಿಯಿಂದ ಬಿದ್ದು, ಕಲ್ಲಿಂದ ಕಲ್ಲಿಗೆ ಹಾರುತ್ತಾ ಹಳ್ಳಕ್ಕೆ ಹೋಯಿತು. ಡ್ರೈವರ್ ಸುಂದರಣ್ಣ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ರಸ್ತೆಗೆ ಇಳಿಸಿದ. ನನ್ನ ಮಗಳು ಇಳಿದವಳೇ ಕೇಳಿದ್ದು, "ಅಮ್ಮ, ಇವತ್ತು ರಜಾನಾ?"

ಅವಳಿಗೆ ಅಲ್ಲಿಗೆ ಮುಗಿಯಿತು. ನನಗೆ ಅಲ್ಲಿಂದ ಶುರುವಾಯಿತು. ಕಣ್ಣು ಮುಚ್ಚಿದರೆ ಆ ಬಾಟಲಿಯ ಸದ್ದು. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಕತೆ ಹೇಳಿದೆ. ಆಧಾರ್ ಕಾರ್ಡಿನ ಒಂದು ಪ್ರತಿಗೆ ಬಂದವರು ಇಡೀ ಅಪಘಾತ ಕೇಳಿಕೊಂಡು ಹೋಗಬೇಕಾಯಿತು. ಎಷ್ಟೇ ಸಲ ಹೇಳಿದರೂ ಒಂದೇ ಜಾಗದಿಂದ ಶುರು: "ಚಕ್ರ ಮಣ್ಣಿಗಿಳೀತು ನೋಡಿ..." ರಾತ್ರಿ ನಿದ್ದೆಯಿಲ್ಲದೆ ಎದ್ದು ಕೂತರೆ ನರಸಿಂಹರಾಜಪುರದಲ್ಲಿ ಕೆಲಸ ಮಾಡುವ, ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕಾದ ನನ್ನ ಯಜಮಾನರು ಹೊದಿಕೆಯೊಳಗಿಂದ ಹೇಳುತ್ತಿದ್ದರು, "ಆಗದೆ ಇದ್ದದ್ದನ್ನ ಎಷ್ಟು ಸಲ ಆಗಿಸ್ತೀಯ ಮಾರಾಯ್ತಿ." ನಾಲ್ಕನೆಯ ದಿನ ತೀರ್ಮಾನಿಸಿದೆ. ಮಗಳು ಇನ್ನು ವ್ಯಾನು ಹತ್ತುವುದಿಲ್ಲ. ನಾನೇ ಪಾಠ ಹೇಳುತ್ತೇನೆ. ನಾನು ಬಿ.ಎಸ್ಸಿ. ಓದಿದವಳು. ನಾಲ್ಕನೇ ತರಗತಿ ಏನು ಮಹಾ ಎಂದುಕೊಂಡೆ. ಮನೆಯಲ್ಲಿ ಹಗಲು ಯಾರೂ ಇಲ್ಲದ್ದರಿಂದ ನಮ್ಮ ಮನೆಶಾಲೆ ಅಂಗಡಿಯಲ್ಲೇ ನಡೆಯಬೇಕಾಯಿತು. ವ್ಯಾನು ಅಪಾಯವೆಂದು ಬಿಡಿಸಿದ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದಿನಾ ಅದೇ ತಿರುವಿನಲ್ಲಿ ಹೋಗುತ್ತಿದ್ದೆ ಎಂಬುದು ನನಗೆ ಹೊಳೆಯಲು ಎರಡು ವಾರ ಬೇಕಾಯಿತು. ಅದೂ ಯಜಮಾನರು ಹೇಳಿದ ಮೇಲೆ.

ಏನು ಕಲಿಸಬೇಕು, ಯಾವ ಪುಸ್ತಕ ತರಬೇಕು ಎಂದು ತಿಳಿಯಲು ಮಕ್ಕಳಿಗೆ ಮನೆಯಲ್ಲೇ ಕಲಿಸುವವರ ಒಂದು ವಾಟ್ಸಾಪ್ ಗುಂಪಿಗೆ ಸೇರಿದೆ. ಎಲ್ಲರೂ ದೊಡ್ಡ ಊರಿನವರು. ಒಬ್ಬಾಕೆ ಬ್ರೆಡ್ ಸುಡುತ್ತಾ ಭಿನ್ನರಾಶಿ ಕಲಿಸುತ್ತಾಳಂತೆ. ನಾನು ನೀರುದೋಸೆಯಲ್ಲಿ ಪ್ರಯತ್ನಿಸಿದೆ. ನಾಲ್ಕನೇ ಒಂದು ಭಾಗ ತೋರಿಸುವಷ್ಟರಲ್ಲಿ ಮಗಳು ಛೇದವನ್ನೂ ಅಂಶವನ್ನೂ ಬೆಲ್ಲ ಕಲಸಿದ ಕಾಯಿತುರಿಯಲ್ಲಿ ಅದ್ದಿ ತಿಂದು ಮುಗಿಸಿದ್ದಳು. ಇನ್ನೊಬ್ಬರು ಮಕ್ಕಳಿಗೆ ಕಾಡು ಓದಿಸಲು ಆರು ಗಂಟೆ ಕಾರು ಓಡಿಸಿಕೊಂಡು ನಮ್ಮ ಕಡೆಗೇ ಬರುತ್ತಾರಂತೆ. ನಮ್ಮ ಕಡೆ ಕಾಡಿಗೆ ಹೋದ ಮಕ್ಕಳು ಕಾಲಿಗೆ ರಕ್ತ ಹೀರುವ ಇಂಬಳ ಹತ್ತಿಸಿಕೊಂಡು ಬರುತ್ತಾರೆ, ನಾವು ಸುಣ್ಣ ಹಿಡಿದು ಓಡುತ್ತೇವೆ. ಅದು ಪಠ್ಯವೆಂದು ಗೊತ್ತಿರಲಿಲ್ಲ. ಎದೆಗುಂದಿದ ಒಂದು ದಿನ ಗುಂಪಿಗೆ ಅಪಘಾತದ ಕತೆಯನ್ನು ನಾಲ್ಕು ಸಾಲಿನಲ್ಲಿ ಬರೆದೆ. ಕೈ ಮುಗಿದ ಚಿತ್ರಗಳ ಮಳೆ: ನಿಮ್ಮ ಧೈರ್ಯಕ್ಕೆ ನಮನ. ಓದಿ ನನಗೇ ನಾಚಿಕೆಯಾಯಿತು. ಧೈರ್ಯವಿದ್ದಿದ್ದರೆ ಮಗಳು ಶಾಲೆಯಲ್ಲಿರುತ್ತಿದ್ದಳು. ಶೃಂಗೇರಿ ಹತ್ತಿರದ ಮೆಣಸೆಯಿಂದ ಅಮ್ಮ ಫೋನಿನಲ್ಲಿ ಕೊಟ್ಟ ಪ್ರೋತ್ಸಾಹ ಇನ್ನೂ ಚಿಕ್ಕದು. "ನಿನ್ನ ನಾವು ಶಾಲೆಗೆ ಕಳ್ಸಿದ್ದು ಮನೇಲಿ ತಡ್ಕೊಳ್ಳಕ್ಕೆ ಆಗ್ದೆ. ನೀ ಹ್ಯಾಂಗೆ ತಡ್ಕೊಳ್ತೀಯೋ ನೋಡು."

ಇಲ್ಲಿ ನನ್ನ ಕಸುಬಿನ ಒಂದು ದೋಷ ಹೇಳಬೇಕು. ಜೆರಾಕ್ಸ್ ಅಂಗಡಿಯವರಿಗೆ ಆಯ್ಕೆ ಮಾಡುವ ಅಭ್ಯಾಸವಿಲ್ಲ. ಬಂದದ್ದನ್ನು ಗಾಜಿನ ಮೇಲಿಟ್ಟು ಮುಚ್ಚಳ ಹಾಕುವುದಷ್ಟೇ. ಒಳ್ಳೆಯ ಪುಸ್ತಕ ಯಾವುದೆಂದು ನಿರ್ಧರಿಸಲಾಗದೆ, ಓದಿಗೆ ಸಂಬಂಧಿಸಿದ್ದು ಏನು ಬಂದರೂ, ಕೊಟ್ಟವರನ್ನು ಕೇಳಿ, ಒಂದು ಕಾಪಿ ಜಾಸ್ತಿ ತೆಗೆದುಕೊಳ್ಳಲಾರಂಭಿಸಿದೆ. ಬಿ.ಎಡ್. ಹುಡುಗಿಯರ ಪಾಠಯೋಜನೆ, ನರ್ಸಿಂಗ್ ಓದುವವಳ ಮೂಳೆಗಳ ಚಿತ್ರ, ಯಾರದೋ ಪಂಚಾಯಿತಿ ನಿಯಮಾವಳಿ, ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯ ಪ್ರಶ್ನೋತ್ತರ ಎಲ್ಲವೂ ಮೈತ್ರಿಯ ಕಡತಕ್ಕೆ ಸೇರಿದವು. ತಿಂಗಳೊಳಗೆ ಅವಳು ಬಂದ ಗಿರಾಕಿಗಳ ಮೊಣಕೈ ಮುಟ್ಟಿ ಮೂಳೆಯ ಹೆಸರು ಹೇಳತೊಡಗಿದಳು. ಮಗ್ಗಿ ಮಾತ್ರ ಏಳರಲ್ಲೇ ನಿಂತಿತ್ತು. ಪಿಂಚಣಿ ಕಾಗದಗಳ ಪ್ರತಿಗೆ ಬರುತ್ತಿದ್ದ, ಕಡಹಿನಬೈಲಿನಲ್ಲಿ ಬಹಳ ಕಾಲ ಪಾಠ ಹೇಳಿ ನಿವೃತ್ತರಾದ ಶಿವಪ್ಪ ಮೇಷ್ಟ್ರು ಕಡತವನ್ನು ಪುಟಪುಟವಾಗಿ ತಿರುಗಿಸಿ ನೋಡಿದರು.

"ಟೀಚರಮ್ಮ, ಇದರಲ್ಲಿ ನೀವು ಬರೆದದ್ದು ಯಾವುದು?" ಎಂದು ಕೇಳಿದರು.

"ಎಲ್ಲ ನಾನೇ ಕಾಪಿ ಮಾಡಿದ್ದು ಮೇಷ್ಟ್ರೆ."

"ನಮ್ಮ ಕಾಲದಲ್ಲಿ ಕಾಪಿ ಮಾಡೋರು ಹುಡುಗರು. ಈಗ ಮೇಷ್ಟ್ರುಗಳೇ ಶುರು ಮಾಡಿದೀರಿ," ಎಂದು ಕನ್ನಡಕ ಒರೆಸಿಕೊಂಡರು.

ನಿಜಕ್ಕೂ ಸರಿಯಾದ ಪಾಠ ಬರುತ್ತಿದ್ದದ್ದು ಒಂದೇ ಕಡೆಯಿಂದ. ದಿನಾ ಬೆಳಿಗ್ಗೆ ಶಾಲೆಯ ವ್ಯಾನು ನನ್ನ ಅಂಗಡಿಯ ಮುಂದೆ ಅರ್ಧ ನಿಮಿಷ ನಿಲ್ಲುತ್ತಿತ್ತು. ಸುಂದರಣ್ಣ ಮೆಟ್ಟಿಲ ಮೇಲೆ ಬಂದು, ಒಳಗೆ ಕಾಲಿಡದೆ, ಒಂದು ನೋಟ್‌ಪುಸ್ತಕ ಚಾಚುತ್ತಿದ್ದ. "ಕ್ಲಾಸ್ ಟೀಚರ್ ಕೊಟ್ಟಿದ್ದು ಅಕ್ಕ. ಒಂದು ಕಾಪಿ ತಗೊಂಡಿಟ್ಟಿರಿ, ಸಂಜೆ ಇಸ್ಕೊಂಡು ಹೋಗ್ತೇನೆ." ಅವನೇ ಹೋಗಿ ಟೀಚರ್ ಹತ್ತಿರ ಕೇಳಿ ತರುತ್ತಿದ್ದನೆಂದು ನನಗೆ ಆಮೇಲೆ ತಿಳಿಯಿತು. ನಾನು ಅವನ ಮುಖ ನೋಡದೆ ಪುಸ್ತಕ ತೆಗೆದುಕೊಂಡು ಮೆಷಿನ್ ಕಡೆಗೆ ತಿರುಗುತ್ತಿದ್ದೆ. ಅವನಿಗೆ ಕಷ್ಟ ಬಂದಿತ್ತು. ನನ್ನ ಕತೆ ಕೇಳಿ ಇನ್ನೂ ಎರಡು ಮನೆಯವರು ಮಕ್ಕಳನ್ನು ವ್ಯಾನಿನಿಂದ ಬಿಡಿಸಿದ್ದರು. ಮತ್ತೊಬ್ಬರು ಬಿಡಿಸಿದರೆ ಡ್ರೈವರನ್ನು ಬದಲಿಸುವುದಾಗಿ ಶಾಲೆಯಲ್ಲಿ ಹೇಳಿದ್ದಾರೆಂದು ಮೇಷ್ಟ್ರೇ ಸುದ್ದಿ ತಂದರು. "ಪಾಪ, ಹದಿನಾಲ್ಕು ಮಕ್ಕಳನ್ನ ಇಳಿಸಿದ ಕೈ ಅದು," ಎಂದರು. ನಾನು ಪ್ರಿಂಟರಿಗೆ ಕಾಗದ ತುಂಬಿದೆ. ಅದು ತುಂಬಿಯೇ ಇತ್ತು.

ಒಂದು ಶುಕ್ರವಾರ ಮಧ್ಯಾಹ್ನ ಕರೆಂಟು ಹೋಗಿ ಅಂಗಡಿ ಸುಮ್ಮನಾಯಿತು. ಮೈತ್ರಿ ಲೈಸೆನ್ಸ್ ಪ್ರಶ್ನೆಗಳ ಹಾಳೆ ಹಿಡಿದು ನನಗೇ ಪರೀಕ್ಷೆ ಮಾಡಲು ಕೂತಳು. "ಪ್ರಶ್ನೆ ಹನ್ನೊಂದು. ಕಡಿದಾದ ತಿರುವಿನಲ್ಲಿ ಮುಂದಿನ ವಾಹನವನ್ನು ಹಿಂದೆ ಹಾಕುವುದು. ಎ, ಹಾರ್ನ್ ಮಾಡಿ ಹೋಗಬಹುದು. ಬಿ, ನಿಧಾನವಾಗಿ ಹೋಗಬಹುದು. ಸಿ, ಹೋಗಬಾರದು."

"ಸಿ," ಎಂದೆ.

ಅವಳು ಸರಿ ಗುರುತು ಹಾಕಿ, ಹಾಳೆಯಿಂದ ತಲೆ ಎತ್ತದೆ ಕೇಳಿದಳು. "ಮತ್ತೆ ಅವತ್ತು ನೀನು ಯಾಕೆ ಎ ಮಾಡಿದ್ದು?"

ನಾನು ಕರೆಂಟಿಲ್ಲದ ಮೆಷಿನ್ನಿನ ಮುಚ್ಚಳ ಎತ್ತಿ, ಮತ್ತೆ ಮುಚ್ಚಿದೆ.

"ನೀನು ಮೂರು ಸಲ ಹಾರ್ನ್ ಹೊಡ್ದೆ. ನಾನು ಹಿಂದಿನ ಕಿಟಕಿಯಿಂದ ಟಾಟಾ ಮಾಡ್ದೆ, ನೀನು ನೋಡ್ಲೇ ಇಲ್ಲ, ವಾಚು ನೋಡ್ತಿದ್ದೆ. ಅದಕ್ಕೇ ಸುಂದರಣ್ಣ ಪಕ್ಕಕ್ಕೆ ತಗೊಂಡಿದ್ದು."

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲಪ್ಪ. ನೀನು ಹೇಳ್ತೀಯ ಅಂತ ಮಾಡಿದ್ದೆ."

ಓದುಗರೇ, ನಿಮಗೂ ನಾನು ಚಕ್ರ ಇಳಿದಲ್ಲಿಂದಲೇ ಕತೆ ಶುರುಮಾಡಿದೆ. ಅಷ್ಟು ದಿನ ಗಿರಾಕಿಗಳಿಗೆ, ಯಜಮಾನರಿಗೆ, ವಾಟ್ಸಾಪ್ ಗುಂಪಿಗೆ ಹೇಳಿ ಹೇಳಿ ನನ್ನ ಹಾರ್ನು ನನಗೇ ಕೇಳಿಸದಷ್ಟು ಹಿಂದೆ ಹೋಗಿತ್ತು. ರಾತ್ರಿ ಕೇಳುತ್ತಿದ್ದ ಬಾಟಲಿಯ ಸದ್ದಿನ ಹಿಂದೆ ಅದೇ ಇತ್ತೆಂದು ಈಗ ಅನಿಸುತ್ತದೆ. ಸಂಜೆ ಸುಂದರಣ್ಣ ನೋಟ್‌ಪುಸ್ತಕಕ್ಕೆ ಬಂದಾಗ ಮೆಟ್ಟಿಲಿಳಿದು ಹೋಗಿ ಹೇಳಿದೆ. "ಅವತ್ತು ಹಾರ್ನ್ ಮಾಡಿ ಸೈಡ್ ಕೇಳಿದ್ದು ನಾನು."

"ಗೊತ್ತು ಅಕ್ಕ. ಗಾಡಿಗೆ ಕನ್ನಡಿ ಅಂತ ಒಂದು ಇರ್ತದಲ್ಲ."

"ಶಾಲೆಯಲ್ಲಿ ಹೇಳಬಹುದಿತ್ತಲ್ಲ ಮಾರಾಯ. ನಿನ್ನ ಕೆಲಸಕ್ಕೇ ಕುತ್ತು ಬಂದಿತ್ತು."

ಅವನು ಒಳಗೆ ಕೂತಿದ್ದ ಮೈತ್ರಿಯ ಕಡೆ ನೋಡಿದ. "ಮಗಳು ಗಾಡಿ ಒಳಗೆ, ತಾಯಿ ಹಿಂದೆ. ಎಂತ ಅಂತ ಹೇಳದು? ಸೈಡ್ ಕೊಟ್ಟವ ನಾನೇ ಅಲ್ವಾ. ಕೊಡಬಾರದಿತ್ತು," ಎಂದು ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಹೋದ.

ಅಂದು ಕೂತು ಶಾಲೆಗೊಂದು ಪತ್ರ ಬರೆದೆ, ಹಾರ್ನಿನಿಂದ ಶುರುಮಾಡಿ. ಕರೆಂಟು ಬಂದ ಮೇಲೆ, ಮಕ್ಕಳನ್ನು ಬಿಡಿಸಿದ್ದ ಆ ಎರಡು ಮನೆಗಳಿಗೂ ಪ್ರತಿ ತೆಗೆದೆ. ಇಷ್ಟು ವರ್ಷದಲ್ಲಿ ನನ್ನ ಗಾಜಿನ ಮೇಲೆ ನನ್ನದೇ ಬರಹ ಬಿದ್ದದ್ದು ಅದೇ ಮೊದಲು. ಅಭ್ಯಾಸಬಲದಿಂದ ಒಂದು ಕಾಪಿ ಜಾಸ್ತಿ ಬಂತು. ಮೈತ್ರಿ ಅದನ್ನು ತನ್ನ ಕಡತಕ್ಕೆ ಸೇರಿಸಿ, ಎರಡು ಕಾಗುಣಿತ ತಪ್ಪಿಗೆ ಕೆಂಪು ಗೆರೆ ಎಳೆದು, ಕೆಳಗೆ 'ಉತ್ತಮ' ಎಂದು ಬರೆದಳು. ಇನ್ನು ಮುಂದೆ ಶಾಲೆಯೋ ಅಂಗಡಿಯೋ ನೀನೇ ಹೇಳು ಎಂದೆ. "ಶಾಲೆಗೆ ಹೋಗ್ತೇನೆ. ಸಂಜೆ ಇಲ್ಲಿಗೆ ಬರ್ತೇನೆ. ನಿಂಗೆ ಪಾಠ ಬಾಕಿ ಉಂಟಲ್ಲ," ಎಂದಳು.

ಸೋಮವಾರ ಅವಳು ವ್ಯಾನು ಹತ್ತಿದಳು. ಬಿಡಿಸಿದ್ದ ಎರಡು ಮನೆಗಳಲ್ಲಿ ಒಂದು ಮನೆಯ ಮಗುವೂ ಹತ್ತಿತ್ತು. ಇನ್ನೊಂದು ಮನೆಯವರು ನನ್ನ ಕಂಡರೆ ಈಗಲೂ ಮುಖ ತಿರುಗಿಸುತ್ತಾರೆ, ಅದು ನ್ಯಾಯವೇ. ನಾನು ಸ್ಕೂಟರಿನಲ್ಲಿ ಹಿಂದೆ ಹೋದೆ, ಹಸುವಿನ ಹಿಂದೆ ಹೋಗುವವರ ಹಾಗೆ. ತಿರುವಿನಲ್ಲಿ ಜಡೆಗಳ ನಡುವಿನಿಂದ ಒಂದು ಕೈ ಟಾಟಾ ಮಾಡಿತು, ನಾನೂ ಮಾಡಿದೆ. ಅಂಗಡಿ ತಲುಪಿದಾಗ ಎಂಟು ಮುಕ್ಕಾಲು. ಮೇಷ್ಟ್ರು ಬಾಗಿಲಲ್ಲಿ ಕಾದು ನಿಂತಿದ್ದರು, "ಟೀಚರಮ್ಮನೇ ಲೇಟು," ಎಂದರು.

ಆ ರಾತ್ರಿ ಮನೆಯಲ್ಲಿ ಎಲ್ಲರೂ ನಿದ್ದೆ ಮಾಡಿದೆವು. ಮೊದಲ ಬಸ್ಸಿಗೆ ಹೊರಟ ಯಜಮಾನರಿಗೆ ನನ್ನನ್ನು ಎಬ್ಬಿಸಲು ಮನಸ್ಸು ಬರಲಿಲ್ಲವಂತೆ. ನನ್ನನ್ನು ಎಬ್ಬಿಸಿದ್ದು ಗೇಟಿನ ಮುಂದೆ ನಿಂತ ವ್ಯಾನಿನ ಹಾರ್ನು, ಮೂರು ಸಲ. ಕಣ್ಣು ಬಿಟ್ಟರೆ ಮೈತ್ರಿ ತಾನೇ ಹೆಣೆದುಕೊಂಡ ಸೊಟ್ಟ ಜಡೆಗಳೊಂದಿಗೆ, ಚೀಲ ಹೆಗಲಿಗೇರಿಸಿ ಮಂಚದ ಪಕ್ಕ ನಿಂತಿದ್ದಳು.

"ಅಮ್ಮ, ನಿಂಗೆ ಇವತ್ತು ರಜಾನಾ?"