ಪುಣೆಯ ಚಾಲಕರೂ ಭಾವನ ಫೋಟೊವೂ

ಪುಣೆಯಲ್ಲಿ ಗಾಡಿ ಓಡಿಸಿದವರು ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ಗಾಡಿ ಓಡಿಸಬಲ್ಲರು ಎಂದು ಆಗ ಎಲ್ಲರೂ ನಂಬಿದ್ದರು. ಪುಣೆಯವರಂತೂ ಇದನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳಿಯೇ ಮಲಗುತ್ತಿದ್ದರು. ಇಂಥ ನಂಬಿಕೆ ಇರುವ ಊರಿನಲ್ಲಿ ಎರಡು ರೇಸ್ ಯಂತ್ರ ಇಟ್ಟುಕೊಂಡು ಕೂತರೆ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

ನಾನು ಕೂತಿರುವುದು ಸದಾಶಿವ ಪೇಠದ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ. ಕೆಳಗೆ ನಮ್ಮ ಯಜಮಾನರ ಹೋಟೆಲು, ಮೇಲೆ ಈ ಕೋಣೆ. ಒಂದೊಂದು ಯಂತ್ರಕ್ಕೂ ಒಂದು ಸೀಟು, ಒಂದು ಸ್ಟೇರಿಂಗ್, ಕಾಲಿಗೆ ಎರಡು ಪೆಡಲು, ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ಟು. ಅದನ್ನು ಹಾಕಿಕೊಂಡರೆ ಸುತ್ತಲೂ ರೇಸಿನ ರಸ್ತೆ ಕಾಣುತ್ತದೆ. ತಲೆ ತಿರುಗಿಸಿದರೆ ಪಕ್ಕದ ಕಾರೂ ಕಾಣುತ್ತದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನನ್ನ ಕೆಲಸ ಆ ಹೆಡ್‌ಸೆಟ್ಟಿನ ಪಟ್ಟಿ ಬಿಗಿಮಾಡುವುದು. ಕಣ್ಣಿಗೆ ಡಬ್ಬ ಕಟ್ಟಿಕೊಂಡು ಇದ್ದಲ್ಲೇ ಇರುವುದಕ್ಕೆ ಇಷ್ಟು ಸಂಭ್ರಮ ಏಕೆಂದು ನನಗೆ ಮೊದಲ ದಿನ ಅರ್ಥವಾಗಲಿಲ್ಲ.

ಯಜಮಾನರು ಕುಂದಾಪುರದ ಕಡೆಯವರು. ಅವರ ಹೆಂಡತಿಯ ಅಣ್ಣ, ಅಂದರೆ ಭಾವ, ಮುಂಬಯಿಯಲ್ಲಿ ಇಂಥದೇ ಹೋಟೆಲು, ಇಂಥದೇ ಕೋಣೆ ಇಟ್ಟಿದ್ದಾರೆ. ಒಂದು ಮದುವೆಯ ಊಟದಲ್ಲಿ ಇಬ್ಬರಿಗೂ ಮಾತು ಬೆಳೆಯಿತು. ಪುಣೆಯ ಚಾಲಕರ ಕುರಿತ ಮೇಲಿನ ಮಾತನ್ನು ಯಜಮಾನರು ಪಾಯಸ ಬಡಿಸುವ ಹೊತ್ತಿಗೆ ಹೇಳಿದರು, ಭಾವ ನಕ್ಕರು. ಪಂಥ ಆಯಿತು. ಮೂರು ವಾರ ಬಿಟ್ಟು ಭಾನುವಾರ ಸಂಜೆ ನಾಲ್ಕಕ್ಕೆ ಇಂಟರ್‌ನೆಟ್ ಮೇಲೆ ರೇಸು. ಎರಡೇ ಕಾರು, ಮೂರು ಸುತ್ತು. ಸೋತವರು ಗೆದ್ದವರ ಫೋಟೊವನ್ನು ತಮ್ಮ ಹೋಟೆಲಿನ ಗಲ್ಲಾದ ಮೇಲೆ, ದೇವರ ಪಟಗಳ ಸಾಲಿನಲ್ಲಿ, ಒಂದು ವರ್ಷ ತೂಗುಹಾಕಬೇಕು. ದಿನಾ ಊದುಬತ್ತಿ ಹಚ್ಚಬೇಕು.

ಭಾವ ಮರುದಿನವೇ ತಮ್ಮ ಫೋಟೊ ಕಟ್ಟು ಹಾಕಿಸಿ ಕಳಿಸಿಬಿಟ್ಟರು. ಕೋಟು ಹಾಕಿಕೊಂಡು ನಗುತ್ತಿರುವ ಫೋಟೊ, ಗಣಪತಿಯ ಪಟಕ್ಕಿಂತ ದೊಡ್ಡದು. ಯಜಮಾನರು ಅದನ್ನು ಅಕ್ಕಿಮೂಟೆಯ ಹಿಂದೆ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿ, ಉಸ್ಸೆಂದು ಮೇಲೆ ಬಂದರು.

“ಈ ಮುಖಕ್ಕೆ ದಿನಾ ಊದುಬತ್ತಿ ಹಚ್ಚುವುದೆಂತ ಮಾರಾಯ್ರೆ? ಒಬ್ಬ, ಒಬ್ಬನೇ ಒಬ್ಬ ಒಳ್ಳೆ ಡ್ರೈವರನ್ನು ಹುಡುಕಿ.”

೧. ಇನ್ನು ಮೂರೇ ಸೆಕೆಂಡ್

ಮೊದಲು ಬಂದವರು ಹಡಪಸರದಲ್ಲಿ ಕೆಲಸ ಮಾಡುವ ಎಂಜಿನಿಯರು, ಬೆಂಗಳೂರಿನವರು. ದಿನಾ ಬೆಳಿಗ್ಗೆ ಆ ದಟ್ಟಣೆಯಲ್ಲಿ ಕಾರು ನುಗ್ಗಿಸಿ ಕಚೇರಿ ಮುಟ್ಟುವ ಮನುಷ್ಯ. ಯಜಮಾನರು ಅವರನ್ನು ಕಂಡಕೂಡಲೇ ಒಂದು ನೀರುದೋಸೆ ಹೆಚ್ಚಿಗೆ ತರಿಸಿದರು.

ರೇಸಿನಲ್ಲಿ ಹೊರಡುವ ಮುಂಚೆ ಐದು ಕೆಂಪು ದೀಪ ಒಂದೊಂದಾಗಿ ಹತ್ತುತ್ತವೆ. ಐದೂ ಒಟ್ಟಿಗೆ ಆರಿದಾಗ ಹೊರಡಬೇಕು. ಇವರು ಮೂರನೆಯದು ಹತ್ತಿದಾಗಲೇ ಹೊರಟರು. ದಂಡ ಬಿತ್ತು.

“ಸರ್, ಕೆಂಪು ಇತ್ತು.”

“ಗೊತ್ತು ಸರ್. ಇನ್ನು ಮೂರೇ ಸೆಕೆಂಡ್ ಇತ್ತು, ಅದಕ್ಕೇ ಬಿಟ್ಟೆ.”

ನಾಲ್ಕು ಸಲ ಹೀಗೇ ಆಯಿತು. ಐದನೆಯ ಸಲ ನಾನು ಅವರ ಭುಜ ಒತ್ತಿ ಹಿಡಿದೆ. ದೀಪ ಆರಿದವು, ಕೈ ಬಿಟ್ಟೆ. ಕಾರು ಕದಲಲಿಲ್ಲ.

“ಹೋಗಿ ಸರ್.”

“ಗ್ರೀನ್ ಬರ್ಲಿ.”

“ಗ್ರೀನ್ ಬರೋದೇ ಇಲ್ಲ.”

“ಓ, ಸಿಗ್ನಲ್ ಕೆಟ್ಟೋಗಿದ್ಯಾ?” ಎಂದವರೇ ಹೆಡ್‌ಸೆಟ್ಟಿನೊಳಗೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಹಿಂದಕ್ಕೂ ತಿರುಗಿ ನೋಡಿದರು. ಕಂಪ್ಯೂಟರ್ ಓಡಿಸುವ ಹನ್ನೊಂದು ಕಾರು ಆಗಲೇ ಮೊದಲ ತಿರುವು ದಾಟಿದ್ದವು.

ಆಮೇಲೆ ಹೊರಟವರು ಮೂರು ಸುತ್ತಿನಲ್ಲಿ ಒಂಬತ್ತು ಕಾರು ಹಿಂದೆ ಹಾಕಿದರು. ನಾನು ಕೈಯನ್ನೂ ತೂರಿಸಲು ಹೆದರುವ ಸಂದಿಯಲ್ಲಿ ಆ ಮನುಷ್ಯ ಕಾರು ತೂರಿಸಿದರು. ಮೆಚ್ಚಲೇಬೇಕಾಯಿತು. ಇಳಿದ ಮೇಲೆ ಕೇಳಿದೆ: “ಹೊರಡುವಾಗ ಹಿಂದೆ ಏನು ನೋಡ್ತಿದ್ರಿ?”

“ಪೊಲೀಸ್ ಇದಾರಾ ಅಂತ.”

೨. ತತ್ವದ ಪ್ರಶ್ನೆ

ಕಟ್ಟಡದ ಮಾಲೀಕರು ಮೂರನೆಯ ಮಹಡಿಯಲ್ಲಿರುವ ನಿವೃತ್ತ ಮರಾಠಿ ಪ್ರಾಧ್ಯಾಪಕರು. ಐವತ್ತು ವರ್ಷ ಸ್ಕೂಟರ್ ಓಡಿಸಿದ್ದಾರೆ. ನಮ್ಮ ಕಷ್ಟ ಕೇಳಿ ತಾವೇ ಇಳಿದು ಬಂದರು. ಹೆಡ್‌ಸೆಟ್ ಎತ್ತಿಕೊಟ್ಟೆ. ಮುಟ್ಟಲಿಲ್ಲ.

“ಇದು ಹೆಲ್ಮೆಟ್. ನಾನು ಹೆಲ್ಮೆಟ್ ಹಾಕುವುದಿಲ್ಲ. ತತ್ವಾಚಾ ಪ್ರಶ್ನ ಆಹೇ.”

“ಹೆಲ್ಮೆಟ್ ಅಲ್ಲ ಸರ್. ಕಣ್ಣಿಗೆ ಮಾತ್ರ.”

“ಬಿದ್ದರೆ ತಲೆಗೆ ಏನೂ ರಕ್ಷಣೆ ಇಲ್ಲವೇ?”

“ಏನೇನೂ ಇಲ್ಲ.”

“ಹಾಗಾದರೆ ಕೊಡಿ.”

ಹೊರಟದ್ದು ಚೆನ್ನಾಗಿಯೇ ಇತ್ತು. ಇನ್ನೂರು ಮೀಟರ್ ಹೋಗಿ ಕಾರು ನಿಲ್ಲಿಸಿದರು. ಮುಗಿಯುವ ಗೆರೆ ಎಲ್ಲಿ ಎಂದು ಕೇಳಿದರು. ಹೊರಟ ಗೆರೆಯೇ ಸರ್, ಐದು ಕಿಲೋಮೀಟರ್ ಸುತ್ತಿ ಅಲ್ಲಿಗೇ ಬರಬೇಕು ಎಂದೆ. ಅವರು ಕತ್ತು ತಿರುಗಿಸಿ ಹಿಂದೆ ನೋಡಿದರು. ಗೆರೆ ಅಲ್ಲೇ ಕಾಣುತ್ತಿತ್ತು. ವಿದ್ಯಾವಂತ ಮನುಷ್ಯ, ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾರು ತಿರುಗಿಸಿದರು.

ಅಷ್ಟರಲ್ಲಿ ಒಂದು ಸುತ್ತು ಮುಗಿಸಿದ ಕಂಪ್ಯೂಟರ್ ಕಾರುಗಳೆಲ್ಲ ಎದುರಿನಿಂದ ಬಂದವು. ಪ್ರಾಧ್ಯಾಪಕರು ಸ್ಟೇರಿಂಗಿನಿಂದ ಬಲಗೈ ತೆಗೆದು, ಸರಿಯಿರಿ ಸರಿಯಿರಿ ಎಂದು ಗಾಳಿಯಲ್ಲಿ ಬೀಸುತ್ತ, ಎಡಗೈಯೊಂದರಲ್ಲೇ ಅವುಗಳ ನಡುವೆ ಹಾದು ಬಂದರು. ಒಂದಕ್ಕೂ ತಗಲಲಿಲ್ಲ. ಅಷ್ಟು ಕಾರುಗಳ ನಡುವೆ ಎದುರುಮುಖವಾಗಿ ಹಾದು ಬರುವುದು ಸುಲಭದ ಮಾತಲ್ಲ. ಅವರ ಕಣ್ಣೆದುರು ‘ತಪ್ಪು ದಿಕ್ಕು’ ಎಂದು ಇಂಗ್ಲಿಷಿನಲ್ಲಿ ದೊಡ್ಡ ಕೆಂಪು ಅಕ್ಷರ ಮಿನುಗುತ್ತಲೇ ಇತ್ತು.

“ಸರ್, ಬೋರ್ಡು ಕಾಣಿಸ್ತಾ ಇದೆಯೇ?”

“ಕಾಣುತ್ತಿದೆ,” ಎಂದರು ಪ್ರಾಧ್ಯಾಪಕರು. “ಅದು ಎದುರಿನಿಂದ ಬರುವವರಿಗೆ.”

೩. ಕೀಲಿ

ರೇಸಿಗೆ ಇನ್ನು ಒಂದು ವಾರ. ಯಜಮಾನರು ಬೆಳಗಿನ ಪೂಜೆಯ ಹೊತ್ತಿನಲ್ಲಿ ಪಟಗಳ ಸಾಲಿನಲ್ಲಿ ಖಾಲಿ ಜಾಗ ನೋಡಿ ಹಲ್ಲು ಕಡಿಯತೊಡಗಿದ್ದರು. ಆಗ ಸಿಕ್ಕವರು ಕಾರ್ಖಾನೆಯೊಂದರ ಸಿಬ್ಬಂದಿ ಬಸ್ಸನ್ನು ಮೂವತ್ತು ವರ್ಷ ಓಡಿಸಿ ನಿವೃತ್ತರಾದ ವಿಜಯಪುರದ ಹಿರಿಯರು. ಮೂವತ್ತು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲವಂತೆ.

ನಂಬಿದೆ, ಏಕೆಂದರೆ ನಮ್ಮ ಕಾರಿಗೂ ಬೀಳಲಿಲ್ಲ. ತಿರುವುಗಳ ಅಂಚಿನಲ್ಲಿ ಬಳಿದ ಕೆಂಪು ಬಿಳಿ ಪಟ್ಟಿ ಕಂಡಾಗಲೆಲ್ಲ ರೋಡ್ ಹಂಪ್ ಎಂದು ನಿಧಾನ ಮಾಡಿದರು.

“ಇನ್ನೊಂಚೂರು ಜೋರು ಹೋಗಿ,” ಎಂದರು ಯಜಮಾನರು.

“ಹಿಂದ ಮಂದಿ ನಿಂತಿರ್ತಾರ್ರೀ.”

ಒಂದು ಕಡೆ ಮಾತ್ರ ಅವರ ಕಾರು ಬಾಣದ ಹಾಗೆ ಹೋಯಿತು. ಅಲ್ಲಿ ಗ್ಯಾಲರಿಯಲ್ಲಿ ನಿಂತ ಪ್ರೇಕ್ಷಕರು ಕೈ ಬೀಸುತ್ತಿದ್ದರು. ಮೂರು ಸುತ್ತಿನಲ್ಲೂ ಆ ಜಾಗಕ್ಕೆ ಬಂದಕೂಡಲೇ ಪೆಡಲನ್ನು ಪೂರ್ತಿ ತುಳಿದರು. ಅಲ್ಲಿ ಮಾತ್ರ ಏಕೆ ಎಂದು ಕೇಳಿದೆ.

“ಕಂಪನಿ ಬಸ್ಸರೀ. ಹೊರಗಿನವರು ಕೈ ಮಾಡಿದ್ರ ನಿಂದರಬಾರದು.”

ಕೊನೆಯವರಾಗಿ ಬಂದರು, ಸರಿ. ಆದರೆ ಎಲ್ಲರೂ ತಲೆ ಸುತ್ತಿ ಇಳಿಯುವ ಆ ಸೀಟಿನಲ್ಲಿ, ಮನೆಯ ಕಟ್ಟೆಯ ಮೇಲೆ ಕೂತವರ ಹಾಗೆ ಕೂತಿದ್ದರು. ಕೂತೇ ಇದ್ದರು. ಆಟ ಮುಗಿದು ಐದು ನಿಮಿಷವಾದರೂ ಏಳಲಿಲ್ಲ. ಸ್ಟೇರಿಂಗಿನ ಕೆಳಗೆ ಗಾಳಿಯಲ್ಲಿ ಕೈ ಆಡಿಸುತ್ತಿದ್ದರು.

“ಕೀಲಿ ಎಲ್ಲಿ ಅದರೀ?”

“ಇದಕ್ಕೆ ಕೀಲಿ ಇಲ್ಲ.”

“ಹಂಗಾದ್ರ ಗಾಡಿ ಬಿಟ್ಟು ಹ್ಯಾಂಗ ಇಳೀಲಿ? ಯಾರರ ಒಯ್ದ್ರ ಯಾರು ಜವಾಬ್ದಾರಿ?”

ನಾನು ಕಂಪ್ಯೂಟರ್ ಆರಿಸಿದೆ. ಕಣ್ಣೆದುರು ಕತ್ತಲಾದ ಮೇಲೆ, “ಈಗ ಶೆಡ್ಡಿಗೆ ಬಂತು,” ಎಂದು ಇಳಿದರು.

೪. ಎಲ್ಲಿಗೂ ಹೋಗದ ದಾರಿ

ಇಷ್ಟು ಜನ ಹಾಕಿದರೆ ಹೆಡ್‌ಸೆಟ್ಟಿಗೆ ಬೆವರು ಹತ್ತುತ್ತದೆ. ಅದಕ್ಕೆ ಒಗೆದು ಹಾಕುವಂಥ ಬಟ್ಟೆಯ ಕವಚ ಬೇಕಿತ್ತು. ಮೆಟ್ಟಿಲ ಕೆಳಗೆ ಕಲಬುರಗಿ ಕಡೆಯ ಅಕ್ಕ ಒಬ್ಬರ ಹೊಲಿಗೆ ಅಂಗಡಿ ಇದೆ. ಹೆಂಗಸರ ರವಿಕೆ ಹೊಲಿಯುತ್ತಾರೆ, ಇಪ್ಪತ್ತು ವರ್ಷದಿಂದ. ಅವರು ಅಳತೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವರು ಈ ಕೋಣೆಗೆ ಅವರೊಬ್ಬರೇ.

“ಬರೇ ಕುಂತ್ರ ಬಟ್ಟಿ ಎಲ್ಲಿ ಜಗ್ತದ ಗೊತ್ತಾಗಲ್ರಿ. ತಲಿ ಆಡಬೇಕು. ಆಟ ಹಚ್ಚರಿ.”

ಹಚ್ಚಿದೆ. ಅಕ್ಕ ಬರಿಗಾಲಿನಲ್ಲಿ ಪೆಡಲು ಮುಟ್ಟಿ ನೋಡಿದರು.

“ಈ ದಾರಿ ಎಲ್ಲಿಗಿ ಹೋಗ್ತದ್ರಿ?”

“ಎಲ್ಲಿಗೂ ಇಲ್ಲ ಅಕ್ಕ. ಸುತ್ತಿ ಇಲ್ಲಿಗೇ ಬರ್ತದೆ.”

“ಮತ್ತ?”

“ಮತ್ತೆ ಸುತ್ತೋದು.”

ಹೆಡ್‌ಸೆಟ್ಟಿನ ಕೆಳಗೆ ಅವರ ಬಾಯಿ ಮಾತ್ರ ಕಾಣುತ್ತಿತ್ತು. ಅದು ನನ್ನ ಪದವಿಯ ಬಗ್ಗೆ ಏನೋ ಅಂದುಕೊಂಡ ಹಾಗೆ ಓರೆಯಾಯಿತು. ಆಮೇಲೆ ಹೊರಟರು.

ನಾನು ಆ ಕೋಣೆಯಲ್ಲಿ ನೂರಾರು ಜನ ತಿರುವು ತೆಗೆಯುವುದನ್ನು ನೋಡಿದ್ದೇನೆ. ಎಲ್ಲರೂ ಜೋರಾಗಿ ನುಗ್ಗಿ, ಗಾಬರಿಯಿಂದ ಬ್ರೇಕ್ ತುಳಿದು, ಸ್ಟೇರಿಂಗನ್ನು ನಾಲ್ಕು ಸಲ ತಿದ್ದುತ್ತಾರೆ. ಅಕ್ಕ ತಿರುವಿಗೆ ಮುಂಚೆಯೇ ವೇಗ ಇಳಿಸಿದರು, ಒಂದೇ ಸಲ ತಿರುಗಿಸಿದರು, ಮತ್ತೆ ಮೆಲ್ಲಗೆ ಪೆಡಲು ಒತ್ತುತ್ತ ಹೊರಬಂದರು. ಕಾರು ದಾರದ ಹಾಗೆ ಹೋಯಿತು. ಎರಡನೆಯ ಸುತ್ತಿಗೆ ಎಂಜಿನಿಯರ ಅತ್ಯುತ್ತಮ ಸಮಯಕ್ಕಿಂತ ನಾಲ್ಕು ಸೆಕೆಂಡ್ ಕಡಿಮೆ.

“ಅಕ್ಕ, ಇದು ಹೇಗೆ?”

“ಹ್ಯಾಂಗ ಅಂದ್ರ? ಕೊರಳಪಟ್ಟಿ ಹೊಲಿಯೋ ಹಂಗ. ಸೂಜಿ ನೋಡಿದ್ರ ಹೊಲಿಗಿ ವಾರಿ ಆಗ್ತದ್ರಿ. ಮುಂದಿನ ಬಟ್ಟಿ ನೋಡಬೇಕು. ಕಾಲು ತನ್ನಷ್ಟಕ್ಕ ತಾ ಹೋಗ್ತದ.”

ತಿರುವಿನಲ್ಲಿ ಮುಂದೆ ನೋಡಬೇಕು ಎಂಬ ಒಂದು ಮಾತನ್ನು ಗಿರಾಕಿಗಳಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಯಜಮಾನರನ್ನು ಕೂಗಿದೆ. ಅವರು ಸಮಯದ ಪಟ್ಟಿ ನೋಡಿದರು, ಅಕ್ಕನನ್ನು ನೋಡಿದರು, ಕೈ ಮುಗಿದರು.

“ಇಪ್ಪತ್ತು ವರ್ಷ ಪುಣೆ ರಸ್ತೆ ಅಲ್ವಾ ಮಾರಾಯ್ರೆ! ಸುಮ್ಮನೆ ಬರುವುದಲ್ಲ ಇದು. ಅಕ್ಕ, ಭಾನುವಾರ ನಾಲ್ಕು ಗಂಟೆಗೆ ನನ್ನ ಮರ್ಯಾದೆ ನಿಮ್ಮ ಕೈಯಲ್ಲಿ ಉಂಟು.”

ಅಕ್ಕ ಹೆಡ್‌ಸೆಟ್ ತೆಗೆದು ಒಳಗಿನ ಅಂಚು ಬೆರಳಲ್ಲಿ ಒತ್ತಿ ನೋಡುತ್ತಿದ್ದರು.

“ಬರ್ತೀನಿ ತಗೋರಿ. ಮೂಗಿನ ಕಡಿ ಬಟ್ಟಿ ಮಡಚಿ ಒಂದು ಡಾಟ್ ಹಿಡೀಬೇಕು ಇದಕ್ಕ.”

೫. ಭಾನುವಾರ, ನಾಲ್ಕು ಗಂಟೆ

ಭಾವ ಫೋನಿನ ಸ್ಪೀಕರಿನಲ್ಲಿದ್ದರು. ಅವರ ಕಡೆಯ ತರುಣನಿಗೆ ರೇಸಿನ ಕೈಗವಸು, ರೇಸಿನ ಬೂಟು ಎಲ್ಲ ಇವೆಯಂತೆ. “ನಿಮ್ಮ ಡ್ರೈವರಿಗೆ ಎಂಥ ಬೂಟು?” ಎಂದು ಕೇಳಿದರು. ಯಜಮಾನರು ಅಕ್ಕನ ಬರಿಗಾಲು ನೋಡಿ, “ಕಾಣುವ ಹಾಗೆ ಇಲ್ಲ, ಅಷ್ಟು ತೆಳು,” ಎಂದರು.

“ದೀಪ ಆರಿದ ಮ್ಯಾಲ ಹೋಗಬೇಕಲ್ರಿ?” ಅಕ್ಕ ನನ್ನನ್ನು ಕೇಳಿದರು.

“ಹೌದು.”

“ಆಯ್ತು.”

ಮೂರು ವಾರದಲ್ಲಿ ಇದನ್ನು ಚರ್ಚೆಯಿಲ್ಲದೆ ಒಪ್ಪಿದ ಮೊದಲ ವ್ಯಕ್ತಿ.

ಮೊದಲ ಸುತ್ತು ತರುಣ ಮುಂದೆ. ಯಜಮಾನರು ಕುರ್ಚಿಯ ಬೆನ್ನು ಹಿಡಿದು ಮಂತ್ರ ಹೇಳತೊಡಗಿದರು. ಎರಡನೆಯ ಸುತ್ತಿನಲ್ಲಿ ಅಂತರ ಅರ್ಧಕ್ಕೆ ಇಳಿಯಿತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಕ್ಕನ ಗಿರಾಕಿ ಹೆಂಗಸೊಬ್ಬರು ಒಳಗೆ ಬಂದರು. ಅವರ ಮನೆಯಲ್ಲಿ ಸಂಜೆ ನಿಶ್ಚಿತಾರ್ಥ. ಯಂತ್ರ, ತಂತಿ, ಕಣ್ಣಿಗೆ ಡಬ್ಬ ಕಟ್ಟಿಕೊಂಡ ಅಕ್ಕ, ಯಾವುದೂ ಅವರನ್ನು ತಡೆಯಲಿಲ್ಲ.

“ನನ್ನ ಬ್ಲೌಸ್ ಆಯಿತೇ?” ಎಂದು ಮರಾಠಿಯಲ್ಲಿ ಕೇಳಿದರು.

ಯಜಮಾನರು ಅವರ ಕಾಲಿಗೆ ಬೀಳುವುದೊಂದು ಬಾಕಿ. ಅಕ್ಕ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿದ್ದರು. ಮುಖ ತಿರುಗಿಸಲಿಲ್ಲ, ತಿರುಗಿಸಿದ್ದರೂ ಕಾಣುತ್ತಿರಲಿಲ್ಲ. ಮರಾಠಿಯಲ್ಲೇ ಹೇಳಿದರು: “ಹುಕ್ಕು ಹಚ್ಚುವುದು ಬಾಕಿ. ಕೂತುಕೊಳ್ಳಿ, ಒಂದೂವರೆ ಸುತ್ತು.”

“ತೋಳು ಗಿಡ್ಡ ಮಾಡಿಲ್ಲ ತಾನೆ?”

“ಮೊಣಕೈಗಿಂತ ನಾಲ್ಕು ಬೆರಳು ಮೇಲೆ. ನೀವೇ ಹೇಳಿದ್ದು.” ಎಡಕ್ಕೊಂದು ತಿರುವು. “ಪುಸ್ತಕದಲ್ಲಿ ಬರೆದಿದ್ದೇನೆ.” ಬಲಕ್ಕೊಂದು.

ಫೋನಿನಲ್ಲಿ ಭಾವನ ದನಿ: “ಅದೆಂತ, ಯಾರದ್ದೋ ತೋಳಿನ ವಿಷಯ ಕೇಳ್ತಾ ಉಂಟಲ್ಲ?”

“ನೀವು ರೇಸು ನೋಡಿ ಭಾವ!”

ಕೊನೆಯ ಸುತ್ತಿನ ಕೊನೆಯ ತಿರುವು ಉದ್ದದ್ದು, ಒಳಗೊಳಗೆ ಬಿಗಿಯಾಗುತ್ತ ಹೋಗುವಂಥದ್ದು. ಹಿಂದೆ ಒತ್ತಿಕೊಂಡು ಬರುತ್ತಿದ್ದ ಅಕ್ಕನ ಕಾರು ಕಂಡು ತರುಣ ಒಂದಿಷ್ಟು ಜೋರಾಗಿಯೇ ನುಗ್ಗಿದ. ಅವನ ಕಾರು ಜಾರಿ ಹೊರಗಿನ ಮರಳಿಗೆ ಹೋಯಿತು. ಅಕ್ಕ ಎಂದಿನಂತೆ ವೇಗ ಇಳಿಸಿ, ಒಂದೇ ಸಲ ತಿರುಗಿಸಿ, ಗಿರಾಕಿಗೆ ಬೆನ್ನಿನ ಲಾಡಿಯ ಬಣ್ಣ ಯಾವುದೆಂದು ಕೇಳುತ್ತ ಗೆರೆ ದಾಟಿದರು.

ಅಕ್ಕ ಹೆಡ್‌ಸೆಟ್ ಕಳಚಿ ನನ್ನ ಕೈಗಿಟ್ಟು, ಕವಚದ ಡಾಟ್ ಸರಿಯಾಗಿದೆ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಗಿರಾಕಿಯೊಡನೆ ಕೆಳಗಿಳಿದರು. ಗೆದ್ದದ್ದು ಯಾರೆಂದು ಕೇಳಲೂ ಇಲ್ಲ.

ಫೋನಿನಲ್ಲಿ ಭಾವ ಒಂದು ನಿಟ್ಟುಸಿರು ಬಿಟ್ಟರು.

“ಆಯ್ತು ಮಾರಾಯ, ನಿನ್ನ ಫೋಟೊ ಕಳಿಸು. ಒಪ್ಪಿದೆ. ಪುಣೆ ರಸ್ತೆಯಲ್ಲಿ ಪಳಗಿದ ಕೈ ಅಂದ್ರೆ ಕೈ. ಅಲ್ಲ, ನಿಮ್ಮ ಡ್ರೈವರು ಅಲ್ಲಿ ಓಡಿಸುವುದು ಯಾವ ಗಾಡಿ?”

ಯಜಮಾನರು ಫೋನಿಗೆ ಅಂಗೈ ಮುಚ್ಚಿ ನನ್ನ ಮುಖ ನೋಡಿದರು. ನಾನು ಕೆಳಗೆ ಹೋಗಿ ಕೇಳಿಕೊಂಡು ಬಂದೆ.

ಅಕ್ಕನಿಗೆ ಸೈಕಲ್ಲೂ ಬರುವುದಿಲ್ಲ.