ಒಬ್ಬರೇ ತೆಪ್ಪ ಹತ್ತುವವರ ಹೆಂಡತಿ

ನನ್ನ ತವರು ಗೌರಿಬಿದನೂರು ತಾಲ್ಲೂಕಿನ ಪಟೇಲರ ಮನೆ. ವಿದುರಾಶ್ವತ್ಥಕ್ಕೆ ಹೊರಟವರು ನಮ್ಮ ಜಗಲಿಯಲ್ಲಿ ಮಜ್ಜಿಗೆ ಕುಡಿಯದೆ ಮುಂದೆ ಹೋದದ್ದಿಲ್ಲ. ತಾತನವರ ಕಾಲದಿಂದ ನಮ್ಮ ಮನೆಯವರನ್ನು ನೋಡಿ ಯಾರೂ ನಕ್ಕಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ರಿಬ್ಬನ್ನಿನ ಗಂಟು ಓರೆಯಾದರೂ ಸಿಸ್ಟರ್ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು. ಇಷ್ಟಿದ್ದೂ, ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಮೇಲೆ ನಗೆಪಾಟಲಿನ ಸಂಗತಿಗಳು ನಮ್ಮ ಮನೆಯನ್ನೇ ಹುಡುಕಿಕೊಂಡು ಬರತೊಡಗಿದವು. ಕಾರಣ, ನಮ್ಮ ಯಜಮಾನರ ಗಾಳ.

ಅವರು ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಎಂಬತ್ತರ ದಶಕದ ಕೊನೆಯಲ್ಲಿ ಊರಾಚೆಯ ಕೆರೆ ತುಂಬಿದಾಗ, ಬೆಳಗಿನ ಜಾವ ಒಬ್ಬರೇ ತೆಪ್ಪ ಹತ್ತಿ ಮೀನು ಹಿಡಿಯುವ ಅಭ್ಯಾಸ ಶುರುವಾಯಿತು. ಈಜು ಅಷ್ಟಕ್ಕಷ್ಟೆ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ ಎಂದರೆ, ಜೊತೆಗಾರ ಮಾತಾಡ್ತಾನೆ, ಮಾತಿಗೆ ಮೀನು ಓಡುತ್ತೆ ಅನ್ನುವರು. ಅವರು ಮನೆಗೆ ವಾಪಸು ಬರಬೇಕು ಎಂಬುದೊಂದೇ ನನ್ನ ಆಸೆ. ಹಾಗಾಗಿ ನಿಯಮಗಳನ್ನು ಮಾಡಿದೆ.

ಎಲ್ಲಿಗೆ?

ಹೊರಡುವ ಮುಂಚೆ ಎಲ್ಲಿಗೆ ಎಂದು ಹೇಳಿ ಹೋಗಬೇಕು. ಇದು ಮೊದಲ ನಿಯಮ. ಆದರೆ ನಮ್ಮ ಅತ್ತೆಯವರ ಪ್ರಕಾರ, ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳುವವಳು ನಾನು, ತಡೆಯುವವರು ಅವರು. ಕೊನೆಗೆ ಯಾರೂ ಕೇಳದೆಯೇ ಹೊರಡುವವರೇ ಹೇಳಲಿ ಎಂದು ಒಪ್ಪಂದವಾಯಿತು. ಮಾರನೆಯ ದಿನ ಯಜಮಾನರು ಬೀದಿಯಲ್ಲಿ ನಿಂತು, "ಕೆರೆಗೆ ಹೋಗ್ತಾ ಇದೀನಿ, ಮೂಡಲ ದಡದ ಕಡೆ ಇರ್ತೀನಿ" ಎಂದು ಗಟ್ಟಿಯಾಗಿ ಸಾರಿ ಹೊರಟರು. ಬರಿಗೈಯಲ್ಲಿ ವಾಪಸು ಬಂದಾಗ ಬೀದಿಯ ಅರ್ಧ ಮನೆಗಳಲ್ಲಿ ಮೀನಿನ ಮಸಾಲೆ ರುಬ್ಬಿಯಾಗಿತ್ತು.

ಡಬ್ಬ

ನನ್ನ ತವರಿನಲ್ಲಿ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರು. ಈ ಊರಿನಲ್ಲಿ ಬುರುಡೆ ಸಿಗಲಿಲ್ಲ. ಖಾಲಿ ಪ್ಲಾಸ್ಟಿಕ್ ಎಣ್ಣೆ ಡಬ್ಬಗಳ ಮುಚ್ಚಳ ಬಿಗಿದು, ಸೊಂಟದ ಎರಡೂ ಕಡೆ ಕಟ್ಟಿಕೊಳ್ಳಲು ಹೇಳಿದೆ.

ಯಜಮಾನರು ಮುಂಜಾನೆ ಎರಡು ಕೈಯಲ್ಲೂ ಡಬ್ಬ ಹಿಡಿದು ಬಿರಬಿರನೆ ಹೋಗುವುದನ್ನು ಕಂಡ ಬೀದಿಯವರು ಡಿಪೋಗೆ ಸೀಮೆಎಣ್ಣೆ ಬಂದಿದೆ ಎಂದುಕೊಂಡರು. ಒಬ್ಬರ ಹಿಂದೆ ಒಬ್ಬರು ಡಬ್ಬ ಹಿಡಿದು ಹೊರಟರು. ಇವರು ಕೆರೆ ಏರಿ ಹತ್ತಿದರೆ ಅವರೂ ಹತ್ತಿದರು. ಇವರು ನಿಂತರೆ ಅವರು ಹಿಂದೆ ಸಾಲಾಗಿ ನಿಂತರು. ಎಲ್ಲರಿಗಿಂತ ಮುಂದೆ ನಮ್ಮ ಎದುರು ಮನೆಯ ರೇಷ್ಮೆ ವ್ಯಾಪಾರದ ಸಾಹೇಬರ ತಾಯಿ. ಅವರು ನೀರನ್ನೂ ನಮ್ಮವರನ್ನೂ ನೋಡಿ ಕೇಳಿದರಂತೆ: "ಇಲ್ಲೇ ಕೊಡ್ತಾರಾ ಸಾಬ್? ಕಾರ್ಡು ತರ್ಬೇಕಿತ್ತಾ?"

ಆಕೆಗೆ ನಾನು ಋಣಿ. ಸಂಗತಿ ತಿಳಿದ ಮೇಲೆ ನಗಲಿಲ್ಲ. "ನಿಮ್ಮ ಡಬ್ಬ ತೆಳು, ಬೇಟಿ" ಎಂದು ನನಗೆ ಹೇಳಿ, ತಮ್ಮ ಮನೆಯ ಎರಡು ದಪ್ಪ ಡಬ್ಬಗಳನ್ನು ತೊಳೆಸಿ ಕಳಿಸಿಕೊಟ್ಟರು.

ಸೀಟಿ

ಅಪಾಯವಾದರೆ ಊದಲು ಒಂದು ಸೀಟಿ ಕೊಡಿಸಿದೆ. ಯಜಮಾನರು ಏರಿಯ ಮೇಲೆ ನಿಂತು ಅದನ್ನು ಎರಡು ಸಲ ಊದಿ ಪರೀಕ್ಷಿಸಿದರು. ಅಲ್ಲೇ ನಿಂತಿದ್ದ ಚಿಂತಾಮಣಿ ಬಸ್ಸಿನ ಡ್ರೈವರ್ ಅದನ್ನು ರೈಟ್ ಎಂದು ತಿಳಿದು ಹೊರಟೇಬಿಟ್ಟರು. ಕಂಡಕ್ಟರ್ ಇನ್ನೂ ಹುಣಸೆಮರದ ಮರೆಯಲ್ಲಿದ್ದರು.

ಹೋಗ್ಬಿಟ್ರು

ತೆಪ್ಪದಲ್ಲಿ ನಿಲ್ಲಬಾರದು ಎಂಬುದು ಕೊನೆಯ ನಿಯಮ. ಒಂದು ದಿನ ದೊಡ್ಡ ಮೀನು ಗಾಳ ಎಳೆಯಿತೆಂದು ಇವರು ಎದ್ದು ನಿಂತರು. ತೆಪ್ಪ ಮಗುಚಿತು. ಎದುರು ಮನೆಯ ತಾಯಿಯ ಡಬ್ಬಗಳು ಇವರನ್ನು ನೀರಿನ ಮೇಲೆಯೇ ಹಿಡಿದಿದ್ದವು. ಬಲೆ ಬಿಡುತ್ತಿದ್ದ ಬೆಸ್ತರವನು ಸೀಟಿ ಕೇಳಿ ಬಂದು ದಡಕ್ಕೆ ಎಳೆದು ಹಾಕಿದ. ದೇವರು ಅವನ ಮನೆಯನ್ನು ತಣ್ಣಗಿಟ್ಟಿರಲಿ.

ಯಜಮಾನರು ನೆನೆದ ಬಟ್ಟೆಯಲ್ಲಿ ಮನೆಗೆ ಬಂದು, "ನಿಂತ್ಬಿಟ್ಟೆ ಕಣೇ" ಅಂದರು. ಕೇಳಬೇಕಾದ್ದನ್ನು ಸಂಜೆಗೆ ಇಟ್ಟುಕೊಂಡು ಕಾಫಿ ಮಾಡಿದೆ. ಅದಕ್ಕೆ ಎರಡು ಸಲ ಸಕ್ಕರೆ ಹಾಕಿದೆ. ನಮ್ಮ ಮನೆತನದಲ್ಲಿ ಎರಡು ಸಲ ಸಕ್ಕರೆ ಹಾಕುವ ಪದ್ಧತಿಯಿಲ್ಲ. ಒಣ ಬಟ್ಟೆ ಹಾಕಿಸಿ ಕಚೇರಿಗೆ ಕಳಿಸಿದೆ.

ಅಷ್ಟರಲ್ಲಿ, ಸಾರ್ ಬರುವುದು ತಡವಾಗುತ್ತದೆ ಎಂದು ತಿಳಿಸಲು ಆ ಬೆಸ್ತರವನು ತಾನಾಗಿಯೇ ಕಚೇರಿಗೆ ಹೋಗಿದ್ದ. "ತೆಪ್ಪ ಮಗುಚ್ಕೊಂತು ಸಾಮಿ, ಸಾರ್ ಹೋಗ್ಬಿಟ್ರು" ಅಂದನಂತೆ. ಮನೆಗೆ, ಬಟ್ಟೆ ಬದಲಾಯಿಸಲು, ಎಂಬುದು ಅವನ ಬಾಯಲ್ಲೇ ಉಳಿಯಿತು. ಮ್ಯಾನೇಜರ್ ಆಗಲೇ ಕಣ್ಣಿಗೆ ಕರ್ಚೀಫು ಒತ್ತಿಕೊಂಡು ಎಲ್ಲರನ್ನೂ ಕೂಗಿ ಕರೆದಿದ್ದರು.

ಯಜಮಾನರು ಒಳಗೆ ಹೋದಾಗ ಇಡೀ ಕಚೇರಿ ಕಣ್ಣು ಮುಚ್ಚಿ, ತಲೆ ತಗ್ಗಿಸಿ ನಿಂತಿತ್ತು. ಮೌನಾಚರಣೆ ಎಂದು ಅರ್ಥವಾಗಿ ಇವರೂ ಚಪ್ಪಲಿ ಬಿಟ್ಟು ಹಿಂದಿನ ಸಾಲಿನಲ್ಲಿ ನಿಂತರು. ಪಕ್ಕದ ಟೈಪಿಸ್ಟರನ್ನು ಮೆಲ್ಲಗೆ ಕೇಳಿದರು: "ಯಾರಪ್ಪ ಹೋದ್ರು?"

ಅವರು ಕಣ್ಣು ತೆರೆಯದೆ ಅಂದರು: "ನಮ್ಮ ಹೆಡ್ ಕ್ಲಾರ್ಕು. ಸುಮ್ನಿರಿ."

ಶಿಸ್ತಿನ ಮನುಷ್ಯ, ಮೌನ ಮುಗಿಯುವ ತನಕ ತಮಗಾಗಿ ತಾವೇ ನಿಂತಿದ್ದರು. ಮುಗಿದ ಮೇಲೆ ಮ್ಯಾನೇಜರ್ ಕಣ್ಣು ಮುಚ್ಚಿಕೊಂಡೇ ಎರಡು ಮಾತಾಡಿದರು: "ಒಳ್ಳೆ ಮನುಷ್ಯ. ಮನೇಲಿ ಆಯಮ್ಮನ ರೂಲ್ಸು ತಡೀಲಾರ್ದೆ ಕೆರೆಗೆ ಹೋಗ್ತಿದ್ದ. ಇನ್ನಾದ್ರೂ ನೆಮ್ಮದಿಯಾಗಿರ್ಲಿ." ಆಮೇಲೆ ಕಣ್ಣು ತೆರೆದರು. ನಮ್ಮವರು ನಮಸ್ಕಾರ ಅಂದರು. ಮ್ಯಾನೇಜರ್ ಕುರ್ಚಿಯ ಮೇಲೆ ಕುಸಿದು ನೀರು ಕೇಳಿದರಂತೆ.

ಯಜಮಾನರು ಬದುಕಿದ್ದಾರೆ. ಅದಕ್ಕೆ ದೇವರಿಗೆ, ಬೆಸ್ತರವನಿಗೆ, ಎದುರು ಮನೆಯ ತಾಯಿಗೆ ಕೃತಜ್ಞತೆ ಸಲ್ಲಿಸಿದ್ದೇನೆ. ಮ್ಯಾನೇಜರ್ ಶೋಕಸಭೆಯನ್ನು ಅಲ್ಲೇ ರದ್ದು ಮಾಡಿದರು. ನನ್ನ ರೂಲ್ಸಿನ ಬಗ್ಗೆ ಆಡಿದ ಆ ಮಾತನ್ನು ಮಾತ್ರ ರದ್ದು ಮಾಡಿಲ್ಲ. ಅವರು ನನ್ನ ಕ್ಷಮೆ ಕೇಳಬೇಕು.